ಐದನೇ ಹೆಡೆಯ ಎಳ್ಳುಂಡೆ

ಮೂವರು ದೋಣಿ ಹತ್ತಿದರು. ಇಬ್ಬರು ದಡ ಸೇರಿದರು. ಮುಳುಗಿದವರು ಯಾರೂ ಇಲ್ಲವಂತೆ. ಹಾಗಾದರೆ ಮೂರನೆಯವನು ಎಲ್ಲಿ?

ತಲೆ ಕೆರೆದುಕೊಳ್ಳಬೇಡಿ, ಕೂದಲು ಉದುರೀತು. ನಿಮಗೆ ಗೊತ್ತಾಗುವುದಿಲ್ಲ. ಈರ ಮಾತ್ರ ತನಗೆ ಉತ್ತರ ಗೊತ್ತು ಅಂದುಕೊಂಡಿದ್ದ. ಎಡವಟ್ಟಾದದ್ದೇ ಅಲ್ಲಿ.

ಈರ ಜಟ್ಟಜ್ಜನ ಶಿಷ್ಯ. ಗುರುವಿನ ಮಠ ಅಂದರೆ ಹೊಳೆದಂಡೆಯ ಒಂದು ಗುಡಿಸಲು. ಶಾಸ್ತ್ರ ಅಂದರೆ ಒಂದು ಮರದ ದೋಣಿ, ಎರಡು ಹುಟ್ಟು.

ಗುಡಿಸಲಿನ ಕೆಳಗೆ ಹೊಳೆ ಏಳು ಬಂಡೆಗಳ ನಡುವೆ ನೊರೆ ಕಾರುತ್ತ ಧುಮುಕುತ್ತಿತ್ತು. ಜನ ಅದಕ್ಕೆ ಏಳು ಹೆಡೆ ಅನ್ನುತ್ತಿದ್ದರು. ಮೇಲಿನ ಊರಿಗೆ ರಸ್ತೆ ಇಲ್ಲ. ದಂಡೆಯ ಕಾಲುದಾರಿಯಲ್ಲಿ ಒಬ್ಬ ಮನುಷ್ಯ ಕಲ್ಲು ಹಿಡಿದು ನಡೆಯಬಹುದು, ಅಷ್ಟೇ. ಜ್ವರ ಏರಿದವರು, ದಿನ ತುಂಬಿದ ಬಸುರಿಯರು ಕೆಳಗಿನ ಊರಿನ ಆಸ್ಪತ್ರೆಗೆ ಏಳು ಹೆಡೆಯಲ್ಲೇ ಇಳಿಯಬೇಕು.

ಅಜ್ಜನ ಬಲಭುಜ ಸೋತಿತ್ತು. ಮಳೆಗಾಲಕ್ಕೆ ಮೊದಲು ಹುಟ್ಟು ಈರನ ಕೈಗೆ ಬರಬೇಕು. ಬರದಿದ್ದರೆ ದೋಣಿ ಕವುಚಿ ಹಾಕುವುದೇ.

ಅಲ್ಲಿ ಹುಟ್ಟು ಹಾಕುವ ಕ್ರಮವೇ ಬೇರೆ. ಬಂಡೆಗೆ ಎದುರಾಗಿ ಕೂರಬೇಕು. ನೀರು ಮುಂದಕ್ಕೆ ಸೆಳೆಯುವಾಗ ಹುಟ್ಟನ್ನು ಹಿಂದಕ್ಕೆ ಜಗ್ಗಬೇಕು.

"ನಾನು ಶಾಲೆಗೆ ಹೋದ ಹಾಗೇ ಆಯ್ತಲ್ಲ ಅಜ್ಜಾ," ಅಂದ ಈರ. "ಅಮ್ಮ ಮುಂದಕ್ಕೆ ಎಳೀತಿದ್ಲು, ನಾನು ಹಿಂದಕ್ಕೆ."

"ಅಲ್ಲಿ ಜಗ್ಗಿದ್ದಕ್ಕೇ ಇಲ್ಲಿ ಕೂತಿದ್ದೀಯ. ಕತ್ತು ತಿರುಗಿಸಬೇಡ. ನೀರು ನೋಡು."

ನಾಲ್ಕು ಹೆಡೆ ಈರ ಚೆನ್ನಾಗಿಯೇ ದಾಟಿದ. ಐದನೆಯದರಲ್ಲಿ ಅವನ ಕತ್ತು ಬಲದಂಡೆಯ ಚಪ್ಪಟೆ ಬಂಡೆಯ ಕಡೆ ತಿರುಗಿತು. ದೋಣಿ ಬಡಿಯಿತು. ಹಲಗೆ ಸೀಳಿತು.

ಹಲಗೆ ಬದಲಿಸಿ ಮತ್ತೆ ಇಳಿದರು. ಮತ್ತೆ ಕತ್ತು ತಿರುಗಿತು.

ಮೂರನೇ ಸಲ ಅಜ್ಜ ಅವನ ಕುತ್ತಿಗೆಗೆ ಎರಡು ಬಿದಿರ ದಬ್ಬೆ ಬಿಗಿದು ಕಟ್ಟಿದ.

"ಭಾರಿ ಆಯ್ತು. ಈಗ ನೋಡಿದ್ರೆ ಯಾರಾದ್ರೂ ಹೆಣ್ಣು ಕೊಟ್ಟಾರು," ಅಂದ ಈರ.

ಕತ್ತು ತಿರುಗಲಿಲ್ಲ. ಕಣ್ಣು ತಿರುಗಿತು. ಹಲಗೆ ಸೀಳಿತು.

"ಅಲ್ಲಿ ಎಂತ ಉಂಟು ಅಂತ ನೋಡ್ತೀ?" ಅಜ್ಜ ಕೇಳಿದ.

"ನೀವೇ ಹೇಳಿದ್ದಲ್ಲವಾ?"

ಅಜ್ಜ ಹೊಸ ಹಲಗೆ ಅಳೆಯತೊಡಗಿದ.

ಹೇಳಿದ್ದು ಹನ್ನೊಂದು ವರ್ಷದ ಹಿಂದೆ. ಈರನಿಗೆ ಆಗ ಏಳು ವರ್ಷ, ಮೈ ಕೆಂಡದಂಥ ಜ್ವರ. ದೋಣಿಯ ತಳದಲ್ಲಿ ಕಂಬಳಿ ಹೊದ್ದು ಮಲಗಿದ್ದ. ಹುಟ್ಟು ಹಾಕುತ್ತಿದ್ದವನು ಅವನ ಅಣ್ಣ ಹೊನ್ನಪ್ಪ. ಹಿಂದೆ ಅಜ್ಜ. ಕಣ್ಣು ಬಿಟ್ಟಾಗ ಕೆಳಗಿನ ಊರು ಬಂದಿತ್ತು, ಅಣ್ಣ ಇರಲಿಲ್ಲ.

"ನಿಮ್ಮಣ್ಣ ಐದನೇ ಹೆಡೇಲಿ ಚಪ್ಪಟೆ ಬಂಡೆಗೆ ಹಾರಿದ. ಕೈ ಬೀಸಿದ. ಕಾಡಿನೊಳಗೆ ನಡೆದು ಹೋದ," ಅಂದಿದ್ದ ಅಜ್ಜ.

"ಯಾಕೆ ಹೋದ?"

"ಬಂದಾಗ ಅವನನ್ನೇ ಕೇಳು."

"ಯಾವಾಗ ಬರ್ತಾನೆ?"

"ನೀನು ಕೇಳೋದು ಬಿಟ್ಟಾಗ."

ಹದಿನೆಂಟರ ಹುಡುಗ ಇದನ್ನು ನಂಬಿಕೊಂಡು ಕೂತನೇ ಅಂತ ನಗಬೇಡಿ. ಅವನ ಹತ್ತಿರ ಪುರಾವೆ ಇತ್ತು.

ಪ್ರತಿ ಹುಣ್ಣಿಮೆಗೆ ಅವನು ಕಾಲುದಾರಿ ಹಿಡಿದು ಹೋಗಿ ಆ ಚಪ್ಪಟೆ ಬಂಡೆಯ ಮೇಲೆ ಬಾಳೆಲೆಯಲ್ಲಿ ಐದು ಎಳ್ಳುಂಡೆ ಇಟ್ಟು ಬರುತ್ತಿದ್ದ. ಅಣ್ಣನಿಗೆ ಎಳ್ಳುಂಡೆ ಅಂದರೆ ಪ್ರಾಣ. ಮರುದಿನ ಹೋದರೆ ಉಂಡೆ ಇರುತ್ತಿರಲಿಲ್ಲ. ಮಂಗ ತಿಂದಿದ್ದರೆ ಬಾಳೆಲೆ ಚಿಂದಿಯಾಗಿರುತ್ತಿತ್ತು. ಇಲ್ಲಿ ಎಲೆಯನ್ನು ನಾಲ್ಕು ಮಡಿಕೆ ಮಡಚಿ, ಹಾರದ ಹಾಗೆ ಮೇಲೊಂದು ಕಲ್ಲು ಇಟ್ಟಿರುತ್ತಿದ್ದರು.

ಮಂಗ ಎಲೆ ಮಡಚುತ್ತದೆಯೇ?

ಈ ಸಲದ ಹುಣ್ಣಿಮೆಗೆ ಈರ ಎಳ್ಳುಂಡೆಯೊಳಗೆ ನಾಲಿಗೆ ಸುಡುವ ಜೀರಿಗೆ ಮೆಣಸು ಅರೆದು ತುಂಬಿದ. ಒಂದೊಂದಕ್ಕೂ ಒಂದೊಂದು ಹಿಡಿ. ಚಿಕ್ಕವನಿದ್ದಾಗ ಅಣ್ಣನಿಗೆ ಹೀಗೇ ಮಾಡಿ, ಅಣ್ಣ ಕೋಲು ಹಿಡಿದು ಅಟ್ಟಿಸಿಕೊಂಡು ಬರುವಾಗ ಹೊಳೆಗೆ ಹಾರುತ್ತಿದ್ದ.

ಪ್ರೀತಿಗೆ ಬಾರದವನು ಬೈಯುವುದಕ್ಕಾದರೂ ಬಂದಾನು ಅಂತ ಅವನ ಲೆಕ್ಕ.

ಮರುದಿನ ಬಂಡೆಯ ಮೇಲೆ ಉಂಡೆ ಇರಲಿಲ್ಲ. ಎಲೆ ನಾಲ್ಕು ಮಡಿಕೆ. ಮೇಲೊಂದು ಕಲ್ಲು.

ಈರ ಕುಣಿಯುತ್ತ ಗುಡಿಸಲಿಗೆ ಓಡಿ ಬಂದ.

ಜಟ್ಟಜ್ಜ ನೀರಿನ ಗಡಿಗೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ತುಟಿ ಬಾತಿತ್ತು. ಕಣ್ಣು, ಮೂಗು ಎಲ್ಲ ಸೋರುತ್ತಿತ್ತು. ಬಿಕ್ಕಳಿಕೆ ನಿಲ್ಲುತ್ತಿರಲಿಲ್ಲ.

"ಎಂತಾಯ್ತು ಅಜ್ಜಾ?"

"ಹೊಗೆ."

ಈರ ಒಲೆ ನೋಡಿದ. ಒಲೆ ತಣ್ಣಗಿತ್ತು.

ಅವನು ನಗುವುದಕ್ಕೆ ಬಾಯಿ ತೆರೆದ. ನಗು ಬರಲಿಲ್ಲ. ತೆರೆದ ಬಾಯಿ ತೆರೆದೇ ಇತ್ತು.

ಆಮೇಲೆ ಡಬ್ಬಿಯಿಂದ ಬೆಲ್ಲದ ಅಚ್ಚು ತೆಗೆದು, ಕುಟ್ಟಿ, ಒಂದು ಚೂರನ್ನು ಅಜ್ಜನ ಅಂಗೈಯಲ್ಲಿಟ್ಟ.

"ಖಾರ ಅಂತ ಒಂದನೇದರಲ್ಲೇ ಗೊತ್ತಾಗ್ಲಿಲ್ಲವಾ?"

"ಗೊತ್ತಾಯ್ತು."

"ಎಷ್ಟು ತಿಂದ್ರಿ?"

"ಐದೂ."

"ಹೊಳೆಗೆ ಎಸೆದ್ರೆ ಆಗ್ತಿರಲಿಲ್ಲವಾ?"

"ನೀನು ಅಣ್ಣನಿಗೆ ಅಂತ ಮಾಡಿದ್ದು, ಈರಾ. ಎಸೆಯೋಕೆ ಕೈ ಬರಲಿಲ್ಲ."

ಅಜ್ಜ ಬೆಲ್ಲದ ಚೂರನ್ನು ಬಿಕ್ಕಳಿಕೆ ನಿಲ್ಲುವವರೆಗೆ ಚೀಪಿದ. 

ಕೊನೆಗೆ ಅಜ್ಜ ಎದ್ದು ಪಂಚೆ ಮೇಲಕ್ಕೆ ಕಟ್ಟಿದ. "ದೋಣಿ ಇಳಿಸು."

ಈರ ಇಳಿಸಿದ. ಅಜ್ಜ ಹಿಂದೆ ಕೂತ. ದಬ್ಬೆ ಕಟ್ಟಲಿಲ್ಲ, ಬುದ್ಧಿ ಹೇಳಲಿಲ್ಲ.

ಒಂದನೇ ಹೆಡೆ. ಎರಡು. ಮೂರರಲ್ಲಿ ನೀರು ಮುಖಕ್ಕೆ ಹೊಡೆಯಿತು. ನಾಲ್ಕು.

ಐದನೇ ಹೆಡೆಯಲ್ಲಿ ದೋಣಿ ಬಂಡೆಯತ್ತ ಮೂಗು ಹಾಕಿತು. ಈರ ಎರಡೂ ಹುಟ್ಟನ್ನು ಎದೆಗೆ ಜಗ್ಗಿದ. ಬಲಗಡೆ ಚಪ್ಪಟೆ ಬಂಡೆ ಬಂತು, ಹೋಯಿತು. ಅವನ ಕತ್ತು ತಿರುಗಲಿಲ್ಲ. ಕಣ್ಣೂ ತಿರುಗಲಿಲ್ಲ. ಅಲ್ಲಿ ನೋಡುವುದಕ್ಕೆ ಯಾರೂ ಉಳಿದಿರಲಿಲ್ಲ.

ಆರು. ಏಳು.

ಕೆಳಗಿನ ಮಡುವಿನಲ್ಲಿ ದೋಣಿ ತಾನಾಗಿ ನಿಂತಿತು. ತಳದಲ್ಲಿ ಒಂದು ಬೊಗಸೆ ನೀರೂ ಇರಲಿಲ್ಲ.

"ಇನ್ನು ಹುಟ್ಟು ನಿನ್ನದು," ಅಂದ ಅಜ್ಜ.

"ಬೇಡ ಅಜ್ಜಾ."

"ಯಾಕೆ?"

"ಹಲಗೆ ಸೀಳೋದೇ ಚೆನ್ನಾಗಿತ್ತು."



ಈರ ತಿರುಗಿ ಕೂತ. ಈಗ ತಿರುಗಬಹುದಿತ್ತು, ನೀರು ನಿಂತಿತ್ತು.

"ಅಣ್ಣ ಬಂಡೆಗೆ ಹಾರಿದ್ದು?"

"ಸುಳ್ಳು."

"ಕಾಡಿನೊಳಗೆ ನಡೆದು ಹೋದದ್ದು?"

"ಸುಳ್ಳು."

 ಇನ್ನೊಂದೇ ಉಳಿದಿತ್ತು. ಕೇಳಲೋ ಬೇಡವೋ ಅಂತ ಹುಟ್ಟಿನ ತುದಿಯಿಂದ ನೀರು ಕಲಕಿದ. ಕೇಳಿದ.

"ಕೈ ಬೀಸಿದ್ದು?"

ಜಟ್ಟಜ್ಜ ತನ್ನ ಸೋತ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡ.

"ಕೈ ನೀರಿನ ಮೇಲೆ ಬಂದದ್ದು ನಿಜ, ಈರಾ. ನಾನು ಕಂಡೆ. ಬೀಸಿದ ಅನ್ನೋದು ಮಾತ್ರ ನಾನು ಸೇರಿಸಿದ್ದು."