ಒಂಟಿಯಾಗಿ ಹೊರಟ ಕೆಳಮ್ಮ

ನಮ್ಮ ಪಮ್ಮಿ ಅಡುಗೆಮನೆಯ ಮೂಲೆಯಲ್ಲಿ ಕುಟ್ಟಾಣಿ ಇಟ್ಟುಕೊಂಡು ಬೆಲ್ಲ ಕುಟ್ಟುತ್ತಿದ್ದಳು. ಕುಟ್ಟುವುದು ಒಂದು ಏಟು, ಬಾಯಿಗೆ ಹಾಕಿಕೊಳ್ಳುವುದು ಒಂದು ಚೂರು. ಏನೇ ಇದು ಅಂದರೆ, "ಅಜ್ಜಿ, ಕುಟ್ತಾ ಕುಟ್ತಾ ಹೋದ್ರೆ ಕೊನೆಗೆ ಒಂದೇ ಒಂದು ಪುಟಾಣಿ ಉಳೀಬೇಕಲ್ವಾ? ಅದನ್ನ ನೋಡ್ಬೇಕು" ಅಂದಳು.

"ಅದು ಒಂಟಿಯಾಗಿ ಸಿಗಲ್ಲ ಕಣೇ."

"ಯಾಕೆ ಸಿಗಲ್ಲ?"

ಯಾಕೆ ಅಂದಮೇಲೆ ಹೇಳಲೇಬೇಕಲ್ಲ. ಬೆಲ್ಲವನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ನನ್ನ ಬೆನ್ನ ಹಿಂದೆ ಇಟ್ಟುಕೊಂಡು ಶುರುಮಾಡಿದೆ.

ಲೋಕ ಆಗಷ್ಟೇ ಕಣ್ಣುಬಿಟ್ಟಿತ್ತು. ನಿನ್ನೆ ಅನ್ನುವುದೇ ಇನ್ನೂ ಇರಲಿಲ್ಲ. ಬೆಟ್ಟವಿಲ್ಲ, ನದಿಯಿಲ್ಲ, ಬೆಲ್ಲವಂತೂ ಇಲ್ಲವೇ ಇಲ್ಲ. ಇದ್ದದ್ದು ಬರೀ ಬಿಸಿ. ಆ ಬಿಸಿಯಲ್ಲಿ ಕ್ವಾರ್ಕ್ ಎಂಬ ಪುಟಾಣಿಗಳು, ಕುದಿಯುವ ಸಾರಿನಲ್ಲಿ ಬೇಳೆ ಓಡಾಡುವ ಹಾಗೆ, ಓಡಾಡಿಕೊಂಡಿದ್ದರು. ಅವರಲ್ಲಿ ಎರಡು ಬಗೆ, ಗಂಡಾದರೆ ಮೇಲಣ್ಣ, ಹೆಣ್ಣಾದರೆ ಕೆಳಮ್ಮ. ಅವರಿಗೆ ಮನೆಯಿಲ್ಲ, ಮಠವಿಲ್ಲ, ಹೇಳುವವರಿಲ್ಲ, ಕೇಳುವವರಿಲ್ಲ.

ಆಮೇಲೆ ಲೋಕ ಆರತೊಡಗಿತು. ಆಗ ಅಂಟವ್ವ ಎಂಬ ಮುದುಕಿ ಬಂದಳು. ಕೈಯೆಲ್ಲ ಅಂಟು, ಬಾಯಿ ಬಲು ಜೋರು. ಮೂರು ಮೂರು ಜನರನ್ನು ಹಿಡಿದು, ಸೊಂಟಕ್ಕೆ ಹಗ್ಗ ಬಿಗಿದು, ಒಂದೊಂದು ಮನೆಗೆ ಕೂಡಿಸಿದಳು. ಇಬ್ಬರು ಮೇಲಣ್ಣಂದಿರು, ಒಬ್ಬಳು ಕೆಳಮ್ಮ ಇದ್ದರೆ ಅದು ಪ್ರೋಟಾನ್ ಮನೆ. ಇಬ್ಬರು ಕೆಳಮ್ಮಂದಿರು, ಒಬ್ಬ ಮೇಲಣ್ಣ ಇದ್ದರೆ ನ್ಯೂಟ್ರಾನ್ ಮನೆ. ನಮ್ಮ ಕಥೆ ಪ್ರೋಟಾನ್ ಮನೆಯದು.

ಆ ಮನೆಯಲ್ಲಿ ಒಂದು ಪದ್ಧತಿ. ಮೂವರಿಗೂ ಸೇರಿ ಮೂರು ಶಾಲು, ಕೆಂಪು, ಹಸಿರು, ನೀಲಿ. ಯಾವ ಶಾಲೂ ಯಾರಿಗೂ ಖಾಯಂ ಅಲ್ಲ. ಕಣ್ಣು ಮಿಟುಕಿಸುವುದರೊಳಗೆ ಅಂಟವ್ವ ಬಂದು ಇವನ ಕೆಂಪು ಕಿತ್ತು ಅವಳಿಗೆ ಹೊದಿಸುತ್ತಿದ್ದಳು, ಅವಳ ನೀಲಿ ಕಿತ್ತು ಇವನಿಗೆ ಹೊದಿಸುತ್ತಿದ್ದಳು. ಮೂರು ಬಣ್ಣವೂ ಕೂಡಿ ಹೊರಗಿನವರಿಗೆ ಮನೆ ಬೆಳ್ಳಗೆ ಕಾಣಬೇಕು. ಬಣ್ಣದ ಶಾಲು ಹೊದ್ದು ಒಬ್ಬರೇ ಹೊಸ್ತಿಲು ದಾಟುವಂತಿಲ್ಲ.

ಕೆಳಮ್ಮನಿಗೆ ಇದು ಸುತರಾಂ ಹಿಡಿಸಲಿಲ್ಲ. "ನಂದು ಅಂತ ಒಂದು ಶಾಲೂ ಇಲ್ಲ, ಒಂದು ಮೂಲೆನೂ ಇಲ್ಲ. ಯಾರೂ ನನ್ನ ಹೆಸರು ಹಿಡಿದು ಕರೆಯೋದೂ ಇಲ್ಲ" ಎಂದು ಮುಖ ಊದಿಸಿಕೊಂಡಳು.

"ನನ್ನ ಲಂಗ ಎಲ್ಲಾ ಅಕ್ಕಂದೇ" ಅಂದಳು ಪಮ್ಮಿ.

"ಗೊತ್ತು. ಸುಮ್ನೆ ಕೇಳು."

ದಿನವೂ ಬೆಳಕು ಆ ಮನೆಯ ಮುಂದೆ ಹಾದು ಹೋಗುತ್ತಿತ್ತು. ಬೆಳಕಿಗೆ ನಿಂತು ಮಾತಾಡಲು ಪುರುಸೊತ್ತು ಎಲ್ಲಿ? ಒಂದು ದಿನ ಓಡುತ್ತಲೇ ಕೂಗಿತು, "ಏನ್ರೀ ಪ್ರೋಟಾನ್ ಮನೆಯೋರೇ, ಚೆನ್ನಾಗಿದ್ದೀರಾ?"

"ಮನೆಯೋರಲ್ಲ! ನಾನು ಕೆಳಮ್ಮ!"

"ಒಳಗಿದ್ರೆ ನಂಗೆ ಹೇಗೆ ಕಾಣುತ್ತೆ ತಾಯಿ? ಒಬ್ಬಳೇ ಹೊರಗೆ ಬಾ. ನಿನ್ನ ಹೆಸರನ್ನ ಲೋಕದ ತುದೀವರೆಗೂ ಸಾರಿಬಿಡ್ತೀನಿ!"

ಅಷ್ಟು ಕೇಳಿದ್ದೇ ತಡ, ಕೆಳಮ್ಮ ಸೆರಗು ಸಿಕ್ಕಿಸಿ ಎದ್ದಳು.

ಅಣ್ಣಂದಿರ ಪಕ್ಕದಲ್ಲಿದ್ದಾಗ ಹಗ್ಗ ಸಡಿಲವಾಗಿಯೇ ಇರುತ್ತಿತ್ತು, ಕುಣಿದರೂ ಗೊತ್ತಾಗುತ್ತಿರಲಿಲ್ಲ. ಇಂಥ ಜೊಳ್ಳು ಹಗ್ಗ ನಾಲ್ಕು ಹೆಜ್ಜೆ ಎಳೆದರೆ ಹರಿದೇ ಹೋಗುತ್ತದೆ ಎಂದು ಅವಳ ಲೆಕ್ಕ. ಆ ಲೆಕ್ಕವೇ ತಪ್ಪಿತು. ಅಂಟವ್ವನ ಹಗ್ಗದ ಗುಣವೇ ತಿರುಗಾಮುರುಗಾ. ಹತ್ತಿರ ಇದ್ದರೆ ಸಡಿಲ, ದೂರ ಹೋದರೆ ಬಿಗಿ. ಕೆಳಮ್ಮ ಎಳೆದಳು. ಹಗ್ಗ ಬಿಗಿಯಾಯಿತು. ಇನ್ನೂ ಎಳೆದಳು. ಅವಳು ಹಾಕಿದ ಶಕ್ತಿಯನ್ನೆಲ್ಲ ತಿಂದು ಹಗ್ಗ ತುಂಬಿಕೊಂಡಿತು. ಎಲ್ಲೋ ಕಂಬಕ್ಕೆ ಸಿಕ್ಕಿಕೊಂಡಿರಬೇಕು ಎಂದು ಬೈದುಕೊಳ್ಳುತ್ತಾ, ಹಲ್ಲು ಕಚ್ಚಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ಎಳೆದಳು.

ಪಟ್!

ಹಗ್ಗ ಹರಿಯಿತು. ಕೆಳಮ್ಮ ಉರುಳಿಕೊಂಡು ಹೊರಗೆ ಬಿದ್ದಳು. "ಗೆದ್ದೆ! ಒಬ್ಬಳೇ ಬಂದೆ!" ಎಂದು ಎದ್ದು ನೋಡಿದರೆ, ಹರಿದ ಹಗ್ಗದ ತುದಿಯಲ್ಲಿ ಯಾವನೋ ಒಬ್ಬ ನೇತಾಡುತ್ತಿದ್ದಾನೆ.

"ನೀನ್ಯಾವನೋ?"

"ಎದುರಪ್ಪ ಅಂತ. ನೀವು ಎಳೆದ್ರಲ್ಲ, ಆ ಶಕ್ತೀಲೇ ಹುಟ್ಟಿದೆ. ನಮಸ್ಕಾರ."

ಅವಳ ಶಾಲಿನ ಬಣ್ಣಕ್ಕೆ ಸರಿಯಾಗಿ ಎದುರು ಬಣ್ಣದ ಶಾಲು ಅವನದು. ಎರಡೂ ಸೇರಿ ಬೆಳ್ಳಗೆ ಕಾಣುತ್ತಿತ್ತು. ಅವಳು ಎಡಕ್ಕೆ ಅಂದರೆ ಅವನು ಬಲಕ್ಕೆ ಅನ್ನುತ್ತಿದ್ದ.

ಅಷ್ಟರಲ್ಲಿ ಬೆಳಕು ಓಡಿ ಬಂತು. "ಒಬ್ಬಳೇ ಬರ್ತೀನಿ ಅಂದವಳು ಜೋಡಿಯಾಗಿ ಬಂದಿದ್ದೀಯಲ್ಲೇ! ಮದುವೆ ಯಾವಾಗಾಯ್ತು? ನಮಗೆ ಒಂದು ಊಟನೂ ಇಲ್ವಾ?"

"ಅಯ್ಯೋ, ಮದುವೆ ಅಲ್ಲ, ನಿಲ್ಲು!" ಅನ್ನುವಷ್ಟರಲ್ಲಿ ಬೆಳಕು ಲೋಕದ ಇನ್ನೊಂದು ಮೂಲೆಯಲ್ಲಿತ್ತು. ಪ್ರೋಟಾನ್ ಮನೆ ಹುಡುಗಿಗೆ ಮದುವೆಯಾಯಿತಂತೆ ಎಂದು ಎಲ್ಲೆಲ್ಲೂ ಸುದ್ದಿ. ಹುಡುಗಿಯ ಹೆಸರನ್ನು ಒಬ್ಬರೂ ಹೇಳಲಿಲ್ಲ. ಕೆಳಮ್ಮ ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟಳು.

ಇತ್ತ ಮನೆಯೊಳಗೆ, ಹಗ್ಗದ ಇನ್ನೊಂದು ತುದಿಯಲ್ಲಿ ಅದೇ ಶಕ್ತಿಯಿಂದ ಹೊಸ ಕೆಳಮ್ಮ ಹುಟ್ಟಿದ್ದಳು. ಅದೇ ಮುಖ, ಅದೇ ಎತ್ತರ. ಆದರೆ ಏನು ಹೇಳಿದರೂ "ಆಗಲಿ." ಶಾಲು ಕಿತ್ತುಕೊಂಡರೂ "ಆಗಲಿ." ಅತ್ತ ಸರಿ ಅಂದರೂ "ಆಗಲಿ." ಮೇಲಣ್ಣಂದಿರು ಮುಖ ಸಪ್ಪೆ ಮಾಡಿಕೊಂಡು ಕೂತರು. ಒಂದು ಜಗಳವಾದರೂ ಆಡಬೇಡವೇ?

ಕೊನೆಗೆ ಕೆಳಮ್ಮ ಎದುರಪ್ಪನನ್ನು ಎಳೆದುಕೊಂಡು ವಾಪಸು ಬಂದಳು. ಎದುರಪ್ಪನನ್ನು ಕಂಡದ್ದೇ ಹೊಸ ಕೆಳಮ್ಮ ಓಡಿ ಬಂದು ತಬ್ಬಿಕೊಂಡಳು. ಫಳ್! ಒಂದೇ ಎಳೆತದಲ್ಲಿ ಹುಟ್ಟಿದ ಎದುರುಬದುರು ಜೋಡಿಯಲ್ಲವೇ, ಸೇರಿದ ಕೂಡಲೇ ಇಬ್ಬರೂ ಬೆಳಕಾಗಿ ಹಾರಿಹೋದರು. ಅಂಟವ್ವ ಗೊಣಗುತ್ತಾ ಹರಿದ ತುದಿಗಳನ್ನು ಅಂಟಿಸಿದಳು.

ಕೆಳಮ್ಮ ತಲೆತಗ್ಗಿಸಿ ನಿಂತಿದ್ದಳು. ಆಗ ಅಣ್ಣಂದಿರ ಅಂಗೈ ಕಣ್ಣಿಗೆ ಬಿತ್ತು. ಚರ್ಮವೆಲ್ಲ ಸುಲಿದಿತ್ತು.

"ಕೈಗೆ ಏನಾಯ್ತೋ?"

ಅವರು ಬಾಯಿ ತೆರೆದರು, ಸ್ವರ ಹೊರಡಲಿಲ್ಲ. ಅಂಟವ್ವ ಸೊಂಟಕ್ಕೆ ಕೈಯಿಟ್ಟು ಹೇಳಿದಳು, "ಹಗ್ಗ ಕಂಬಕ್ಕೆ ಸಿಕ್ಕಿತ್ತು ಅಂದ್ಕೊಂಡ್ಯಾ? ಈ ಮನೇಲಿ ಕಂಬ ಎಲ್ಲಿದೆಯೇ, ಮಂಕೇ? ನೀನು ಆ ಕಡೆ ಎಳೀತಿದ್ರೆ, ಇವ್ರು ಈ ಕಡೆ ಹಿಡ್ಕೊಂಡು ನಿನ್ ಹೆಸರೇ ಕೂಗ್ತಿದ್ರು. ಗಂಟಲು ಕಟ್ಟಿಹೋಗೋವರೆಗೂ ಕೂಗಿದ್ರು."

ದೊಡ್ಡ ಮೇಲಣ್ಣ ಒಡಕು ದನಿಯಲ್ಲಿ ಮೆಲ್ಲಗೆ "ಕೆಳಮ್ಮಾ" ಅಂದ.

ಕೆಳಮ್ಮ ಅಂದಿನಿಂದ ಸಾಧುವಾದಳು ಅಂದುಕೊಂಡೆಯಾ? ಎಲ್ಲಿ ಬಂತು! ಈಗಲೂ ಎಳೆಯುತ್ತಲೇ ಇರುತ್ತಾಳೆ. ಹೊರಗೆ ಹೋಗಲಿಕ್ಕಲ್ಲ, ಆ ಕಡೆಯಿಂದ ಎಳೆಯುವವರು ಇದ್ದಾರೆಂದು ತಿಳಿಯಲಿಕ್ಕೆ. ಆ ಮೂವರನ್ನು ಬಿಡಿಬಿಡಿಯಾಗಿ ತೂಗಿದರೆ ಹೆಚ್ಚೇನೂ ಭಾರವಿಲ್ಲ. ಮನೆಯ ಭಾರವೆಲ್ಲ ಬಹುಮಟ್ಟಿಗೆ ಆ ಹಗ್ಗದ ಎಳೆದಾಟದ್ದೇ. ನಿನ್ನ ಬೆಲ್ಲವೂ ಇಂಥ ಮನೆಗಳೇ ಕೂಡಿ ಆದದ್ದು.

ಪಮ್ಮಿ ನನ್ನ ಬೆನ್ನ ಹಿಂದಿನ ಡಬ್ಬಿಯನ್ನು ಮೆಲ್ಲಗೆ ಎಳೆದುಕೊಂಡು, ಎರಡೂ ಕೈಯಲ್ಲಿ ಎತ್ತಿ ನೋಡಿದಳು.

ಅದಕ್ಕೇ ಮಗಳೇ, ಇವತ್ತಿಗೂ ಅಂಗಡಿಯ ತಕ್ಕಡಿಯಲ್ಲಿ ಬೆಲ್ಲದ ಅಚ್ಚು ಇಟ್ಟ ಕೂಡಲೇ ತಟ್ಟೆ ಕೆಳಗೆ ಇಳಿಯುತ್ತದಲ್ಲ, ಆಗ ತಿಳಿದುಕೋ, ಒಳಗೆ ಕೆಳಮ್ಮ ಎಳೆಯುತ್ತಿದ್ದಾಳೆ, ಅಣ್ಣಂದಿರು ಬಿಡುತ್ತಿಲ್ಲ.