ಬೆನ್ನ ಹಿಂದಿನ ಕೈ

ಶಾಲೆಯ ಕಂಪ್ಯೂಟರ್ ಕೋಣೆಗೆ ಗುರು ಬಂದರು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಹೊರಡುವಾಗಲೂ ಕೈ ಅಲ್ಲೇ ಇತ್ತು. ಒಂದು ಗುಂಡಿಯನ್ನೂ ಒತ್ತಲಿಲ್ಲ. ಆದರೂ ಒಬ್ಬ ಹುಡುಗಿಯ ಓದು ಉಳಿಯಿತು. ನಡುವೆ ಏನಾಗಿರಬಹುದು, ಊಹಿಸಿ ನೋಡೋಣ.

ಆಗಲಿಲ್ಲವೇ? ಬಿಡಿ, ನಾನೇ ಹೇಳುತ್ತೇನೆ. ಹೇಳದೆ ನನಗೂ ಇರಲಾಗುವುದಿಲ್ಲ.

ಗುರು ತಿಪ್ಪೇರುದ್ರಪ್ಪನವರು. ಕಂಪ್ಯೂಟರಿನಲ್ಲಿ ಯಾರು, ಯಾವಾಗ, ಏನು ಮಾಡಿದರೆಂದು ಪತ್ತೆ ಹಚ್ಚುವುದು ಅವರ ವಿದ್ಯೆ. ಶಿಷ್ಯ ಓಂಕಾರ ಚುರುಕು. ಸ್ವಲ್ಪ ಹೆಚ್ಚೇ ಚುರುಕು. ಮೂಲವನ್ನು ಮುಟ್ಟಬೇಡ, ನಕಲು ತೆಗೆದು ಅದರಲ್ಲಿ ನೋಡು ಎಂದು ಗುರು ಹೇಳಿಕೊಟ್ಟಿದ್ದರು. ಅವನು ತಲೆಯಾಡಿಸಿದ್ದ.

ವಿಜ್ಞಾನದ ಮೇಷ್ಟರಿಗೆ ಕತ್ತೆಯ ಕಿವಿ ಅಂಟಿಸಿದ ಚಿತ್ರವೊಂದು ಶಾಲೆಯ ಕಂಪ್ಯೂಟರಿನಲ್ಲಿ ಸಿಕ್ಕಿತ್ತು. ಅದು ಹತ್ತನೇ ತರಗತಿಯ ನಾಗವೇಣಿ ಕೂರುವ ಜಾಗ. ಸಂಜೆಯೊಳಗೆ ಅವಳಿಗೆ ಟಿ.ಸಿ. ಕೊಟ್ಟು ಕಳಿಸುವುದೆಂದು ಹೆಡ್‌ಮಾಸ್ಟರು ತೀರ್ಮಾನಿಸಿಯಾಗಿತ್ತು. ಪುರಾವೆ ಒಂದು ಬೇಕಿತ್ತು, ಅಷ್ಟೇ.

ಗುರು ಬರುವಷ್ಟರಲ್ಲಿ ಶಿಷ್ಯ ಅದನ್ನೂ ಹುಡುಕಿಟ್ಟಿದ್ದ.

"ಸಿಕ್ಕಿತು ಸರ್. ಚಿತ್ರವನ್ನು ಕೊನೆಯ ಸಲ ತೆರೆದವರ ಹೆಸರು ದಾಖಲಾಗಿದೆ. ನಾಗವೇಣಿಯೇ."

"ಎಷ್ಟು ಹೊತ್ತಿಗೆ?"

ಓಂಕಾರ ಬಗ್ಗಿ ಓದಿದ. "ಇವತ್ತು, ಹನ್ನೊಂದೂ ಹತ್ತು."

ಆಗ ಅವಳು ಎಲ್ಲಿದ್ದಳೆಂದು ಗುರು ಕೇಳಿದರು. ಬೆಳಿಗ್ಗೆಯಿಂದ ನನ್ನ ಕೋಣೆಯ ಮುಂದೆಯೇ ನಿಲ್ಲಿಸಿದ್ದೇನೆ ಎಂದರು ಹೆಡ್‌ಮಾಸ್ಟರು, ಹೆಮ್ಮೆಯಿಂದ.

"ಮತ್ತೆ ಇಲ್ಲಿ ಕೂತಿದ್ದವರು ಯಾರಪ್ಪಾ?"

ಓಂಕಾರನ ಕಿವಿ ಕೆಂಪಾಯಿತು.

"ನಾನೇ ಸರ್. ಚಿತ್ರ ಹೇಗಿದೆ ನೋಡೋಣ ಅಂತ..."

"ಅವಳ ಹೆಸರಲ್ಲಿ ಒಳಗೆ ಹೋದೆ ಹೇಗೆ?"

"ಇಲ್ಲಿ ಹಾಜರಿ ನಂಬರೇ ಪಾಸ್‌ವರ್ಡ್ ಸರ್. ಎಲ್ಲರದೂ ಎಲ್ಲರಿಗೂ ಗೊತ್ತು."

ಹೇಳುತ್ತ ಹೇಳುತ್ತಲೇ ಅವನ ದನಿ ತಗ್ಗಿತು. ಮಕ್ಕಳು ಮರೆಯುತ್ತಾರೆಂದು ಆ ಏರ್ಪಾಟು ಮಾಡಿದ್ದ ಹೆಡ್‌ಮಾಸ್ಟರು ಕಿಟಕಿಯ ಹೊರಗೆ ಏನನ್ನೋ ನೋಡತೊಡಗಿದರು.

ಹಾಗಾದರೆ ಇದಕ್ಕೆ ಮೊದಲು ತೆರೆದವರು ಯಾರೆಂದು ಹೆಡ್‌ಮಾಸ್ಟರು ಕೇಳಿದರು. ಆ ಗುರುತು ಬೆಳಿಗ್ಗೆಯವರೆಗೂ ಇತ್ತು, ಅದರ ಮೇಲೆ ನನ್ನ ಶಿಷ್ಯ ಹೆಜ್ಜೆಯಿಟ್ಟಿದ್ದಾನೆ ಎಂದರು ಗುರು.

ಹೆಡ್‌ಮಾಸ್ಟರು ಹೊರಗೆ ಹೋಗಿ ನಾಗವೇಣಿಗೆ ಕ್ಲಾಸಿಗೆ ಹೋಗಮ್ಮ ಎಂದರು. ಅವಳು ಓಡಿದ ಸದ್ದು ಒಳಗಿನವರೆಗೂ ಕೇಳಿಸಿತು.

ಓಂಕಾರ ವರದಿ ಬರೆಯಲು ಕೂತ. ಪೆನ್ನು ಮುಂದೆ ಹೋಗಲಿಲ್ಲ.

"ಏನು ಬರೆಯಲಿ ಸರ್? ಏನೂ ತಿಳಿಯಲಿಲ್ಲ ಅಂತಲೇ?"

ಬಾಗಿಲ ತನಕ ಹೋಗಿದ್ದ ಗುರು ಹಾಗೆಯೇ ಕೈ ಕಟ್ಟಿಕೊಂಡು ತಿರುಗಿದರು.

"ತಿಳಿದಷ್ಟು ಬರೆ. ನಾಗವೇಣಿಯ ಹೆಸರಿನಲ್ಲಿ ಚಿತ್ರ ತೆರೆದವನು ಓಂಕಾರ. ಜುಲೈ ಹದಿನಾಲ್ಕು, ಸೋಮವಾರ."