ಕೈಬಿಟ್ಟ ಪುಡಿ

“ಗುರುಗಳೇ, ಒಂದು ದೇಶ ನ್ಯಾನೋ ವಿದ್ಯೆಯನ್ನು ಬೆಳೆಸಬೇಕಾದರೆ ಎಲ್ಲಕ್ಕಿಂತ ಮೊದಲು ಯಾವ ನಿಯಮ ಬೇಕು?” ಎಂದು ಶಿಷ್ಯ ಕೇಳಿದ. ಪ್ರಯೋಗಾಲಯಗಳಿಗೂ ಕಾರ್ಖಾನೆಗಳಿಗೂ ನಿಯಮ ಬರೆಯುವ ಸರ್ಕಾರದ ಮಂಡಳಿಗೆ ಅವನನ್ನು ಸದಸ್ಯನಾಗಿ ಕರೆದಿದ್ದರು. ಬರುವ ಸೋಮವಾರ ಮೊದಲ ಸಭೆ.

ಗುರು ಒಂದು ಕತೆ ಹೇಳತೊಡಗಿದರು.

ಒಂದು ದೇಶದ ಮಂತ್ರಿಗೆ, ಈ ವಿದ್ಯೆಯಲ್ಲಿ ನಾವು ಹಿಂದೆ ಬೀಳಬಾರದು ಎಂಬ ಹಟ ಹುಟ್ಟಿತು. ಲೋಹವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಒಡೆದರೆ ಅದರ ಗುಣವೇ ಬೇರೆಯಾಗುತ್ತದೆ ಎಂದು ಅವನು ಬಲ್ಲವರಿಂದ ಕೇಳಿದ್ದ. ಆರು ಪ್ರಯೋಗಾಲಯ ಕಟ್ಟಿಸಿದ. ಒಳ್ಳೆಯ ಯಂತ್ರ ತರಿಸಿದ. ಪ್ರತಿಯೊಂದರ ಜೊತೆಗೂ ಒಂದು ಕಾರ್ಖಾನೆಯನ್ನು ಜೋಡಿಸಿದ. ಬಳಿಕ ಒಂದು ನಿಯಮ ಮಾಡಿದ: ಮೂರು ವರ್ಷಕ್ಕೊಮ್ಮೆಯಾದರೂ ಕಾರ್ಖಾನೆಗೆ ಹೊಸದೊಂದನ್ನು ಕೊಡದ ಪ್ರಯೋಗಾಲಯವನ್ನು ಮುಚ್ಚತಕ್ಕದ್ದು. ಪೈಪೋಟಿ ಇರಲಿ ಎಂದು, ಒಂದರ ಕೆಲಸ ಇನ್ನೊಂದಕ್ಕೆ ತಿಳಿಯಬಾರದು ಎಂದೂ ಬರೆಸಿದ. ಮಂತ್ರಿ ಕೆಟ್ಟವನಲ್ಲ. ಕೆಲಸ ಬೇಗ ಆಗಬೇಕು ಎಂಬುದಷ್ಟೇ ಅವನ ಮನಸ್ಸಿನಲ್ಲಿತ್ತು. ಮೊದಮೊದಲು ಎಲ್ಲವೂ ಚೆನ್ನಾಗಿಯೇ ನಡೆಯಿತು. ಕೊಳೆ ಹಿಡಿಯದ ಬಟ್ಟೆ ಬಂತು. ನೀರು ಶುದ್ಧ ಮಾಡುವ ಬಿಲ್ಲೆ ಬಂತು. ಜನ ಮಂತ್ರಿಯನ್ನು ಹೊಗಳಿದರು.

ಆ ಆರರಲ್ಲಿ ಒಂದು ಪ್ರಯೋಗಾಲಯದಲ್ಲಿ ಮಂದಾಕಿನಿ ಎಂಬ ಸಂಶೋಧಕಿ ಇದ್ದಳು. ಹಡಗುಗಳಿಗೆ ತುಕ್ಕು ಹಿಡಿಯದಂತೆ ಬಳಿಯುವ ಬಣ್ಣಕ್ಕಾಗಿ ಅವಳು ಒಂದು ಲೋಹದ ಪುಡಿ ತಯಾರಿಸಿದಳು. ಬಣ್ಣ ತುಕ್ಕನ್ನು ತಡೆಯಿತು. ಆದರೆ ಪುಡಿ ಹೊಗೆಗಿಂತ ಹಗುರವಾಗಿತ್ತು; ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಮೇಲೇಳುತ್ತಿತ್ತು. ಅವಳಿಗೆ ಅನುಮಾನ ಬಂತು. ಇಲಿಗಳ ಗೂಡಿಗೆ ಪುಡಿ ಬೆರೆತ ಗಾಳಿಯನ್ನು ಬಿಟ್ಟು ನೋಡಿದಳು. ನಾಲ್ಕನೆಯ ತಿಂಗಳಲ್ಲಿ ಇಲಿಗಳು ಒಂದೊಂದಾಗಿ ಸತ್ತವು. ಶ್ವಾಸಕೋಶ ಒಣಚರ್ಮದಂತೆ ಗಟ್ಟಿಯಾಗಿತ್ತು. ಇನ್ನೊಂದು ಗೂಡಿನಲ್ಲಿ ಮಾಡಿದಳು. ಅವೂ ಸತ್ತವು.

ಅವಳು ನಿರ್ದೇಶಕರ ಹತ್ತಿರ ಹೋದಳು.

“ಇದನ್ನು ಬಿಟ್ಟುಬಿಡಬೇಕು ಸರ್. ಉಸಿರಿನಲ್ಲಿ ಒಳಗೆ ಹೋದರೆ ಕೊಲ್ಲುತ್ತದೆ. ಬೇರೆಯವರಿಗೂ ತಿಳಿಸಬೇಕು.”

“ಬಿಡೋಣ. ಆದರೆ ಮೇಲಿನವರಿಗೆ ಏನೆಂದು ಬರೆಯಲಿ? ಮೂರನೆಯ ವರ್ಷ ಮುಗಿಯುತ್ತಾ ಬಂತು. ಸೋತೆವು ಎಂದು ಬರೆದ ದಿನವೇ ಇಲ್ಲಿಗೆ ಬೀಗ ಬೀಳುತ್ತದೆ. ನಲವತ್ತು ಜನ ಇದ್ದಾರಮ್ಮ ಇಲ್ಲಿ.”

ಆ ನಲವತ್ತರಲ್ಲಿ ಅವಳೂ ಒಬ್ಬಳು. ಅವಳ ಸಂಬಳದಿಂದಲೇ ಮನೆ ನಡೆಯುತ್ತಿತ್ತು. ಅವಳು ಟಿಪ್ಪಣಿ ಪುಸ್ತಕದ ಕೊನೆಯ ಪುಟದಲ್ಲಿ ‘ಕೈಬಿಡಲಾಗಿದೆ’ ಎಂದು ಬರೆದು, ಪುಸ್ತಕವನ್ನು ಬೀರುವಿನಲ್ಲಿಟ್ಟಳು. ಉಳಿದ ಕೆಲವೇ ತಿಂಗಳಲ್ಲಿ ಹಣ್ಣು ಕೆಡದಂತೆ ಇಡುವ ಒಂದು ಲೇಪನ ಮಾಡಿಕೊಟ್ಟಳು. ಅದು ಕಾರ್ಖಾನೆಗೆ ಹೋಯಿತು. ಪ್ರಯೋಗಾಲಯ ಉಳಿಯಿತು. ಅವಳಿಗೆ ಸನ್ಮಾನವೂ ಆಯಿತು.

ಎರಡು ವರ್ಷ ಕಳೆಯಿತು. ಬಂದರು ಪಟ್ಟಣದ ಇನ್ನೊಂದು ಪ್ರಯೋಗಾಲಯದಲ್ಲಿ ಒಬ್ಬ ಸಂಶೋಧಕನಿಗೂ ತುಕ್ಕು ತಡೆಯುವ ಬಣ್ಣದ ಯೋಚನೆ ಬಂತು. ಅವನು ಅದೇ ದಾರಿಯಲ್ಲಿ ನಡೆದು ಅದೇ ಪುಡಿಯನ್ನು ತಲುಪಿದ. ಅವನ ಪ್ರಯೋಗಾಲಯ ಹೊಸದೊಂದನ್ನು ಕೊಟ್ಟು ಮೂರು ವರ್ಷವಾಗುತ್ತಾ ಬಂದಿತ್ತು; ಅವನಿಗೂ ಗಡುವು ಹತ್ತಿರವಾಗಿತ್ತು. ಇಲಿಗಳ ಪರೀಕ್ಷೆಯನ್ನು ಆಮೇಲೆ ಮಾಡೋಣ ಎಂದುಕೊಂಡ. ಪುಡಿ ಕಾರ್ಖಾನೆಗೆ ಹೋಯಿತು.

ಕಾರ್ಖಾನೆಯಲ್ಲಿ ಪುಡಿಯನ್ನು ಚೀಲಕ್ಕೆ ತುಂಬುವ ಕೋಣೆಯೊಂದಿತ್ತು. ಅಲ್ಲಿ ಒಂಬತ್ತು ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ದುಡಿಯುತ್ತಿದ್ದರು. ನಾಲ್ಕನೆಯ ತಿಂಗಳಲ್ಲಿ ಕೆಮ್ಮು ಶುರುವಾಯಿತು. ಕಾರ್ಖಾನೆಯ ವೈದ್ಯರು ನೆಗಡಿ ಎಂದರು. ಆರನೆಯ ತಿಂಗಳಲ್ಲಿ ಒಬ್ಬಳು ಸತ್ತಳು. ಹತ್ತನೆಯ ತಿಂಗಳ ಹೊತ್ತಿಗೆ ಎಂಟು ಜನ ಸತ್ತಿದ್ದರು.

ಪ್ರಯೋಗಾಲಯಗಳನ್ನು ನೋಡಿಕೊಳ್ಳಲು ಮಂತ್ರಿ ನೇಮಿಸಿದ್ದ ಮಂಡಳಿ ತಿಳಿದವರನ್ನು ಕಳಿಸಿತು. ಮಂದಾಕಿನಿಯನ್ನೂ ಕಳಿಸಿತು. ಆಸ್ಪತ್ರೆಯಲ್ಲಿ ಒಂಬತ್ತನೆಯವಳು, ದುಗ್ಗಮ್ಮ, ದಿಂಬಿಗೆ ಒರಗಿ ಕೂತಿದ್ದಳು. ಮಲಗಿದರೆ ಅವಳಿಗೆ ಉಸಿರು ಬರುತ್ತಿರಲಿಲ್ಲ. ಮಂದಾಕಿನಿ ಅವಳ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದಳು. ಇಲಿಗಳಲ್ಲಿ ಕಂಡದ್ದೇ ಇಲ್ಲೂ ಇತ್ತು; ಚಿತ್ರವನ್ನು ಕೆಳಗಿಡದೆ ಮತ್ತೊಮ್ಮೆ ನೋಡಿದಳು. ದುಗ್ಗಮ್ಮ ಅದನ್ನು ಗಮನಿಸಿದಳು.

“ಅಮ್ಮಾ, ಇದು ಏನು ಕಾಯಿಲೆ ಅಂತ ನಿಮಗೆ ಗೊತ್ತಾ?”

“ಗೊತ್ತು.”

“ಯಾವಾಗಿಂದ?”

ಮಂದಾಕಿನಿಗೆ ಸುಳ್ಳು ಹೇಳಲು ಆಗಲಿಲ್ಲ. “ಮೂರು ವರ್ಷದ ಮೇಲಾಯಿತು” ಎಂದಳು.

ದುಗ್ಗಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬೈಯಲಿಲ್ಲ, ಅಳಲಿಲ್ಲ. “ಆಗ ನಾನಿನ್ನೂ ಕೆಲಸಕ್ಕೇ ಸೇರಿರಲಿಲ್ಲವಲ್ಲಮ್ಮ” ಎಂದಳು. ಮೂರನೆಯ ದಿನ ಅವಳೂ ಸತ್ತಳು.

ಮಂದಾಕಿನಿ ತನ್ನ ಪ್ರಯೋಗಾಲಯಕ್ಕೆ ಮರಳಿ ಬೀರುವಿನಿಂದ ಪುಸ್ತಕ ತೆಗೆದು ಮಂಡಳಿಯ ಮುಂದಿಟ್ಟಳು. ನಡೆದದ್ದನ್ನೆಲ್ಲ ತಾನೇ ಹೇಳಿದಳು. ಮಂಡಳಿ ಬಂದರಿನ ಕಾರ್ಖಾನೆಯನ್ನು ಮುಚ್ಚಿತು. ಅವಳನ್ನೂ ನಿರ್ದೇಶಕರನ್ನೂ ಕೆಲಸದಿಂದ ತೆಗೆಯಿತು. ಅವಳ ಪ್ರಯೋಗಾಲಯಕ್ಕೆ ಬೀಗ ಬಿತ್ತು. ನಲವತ್ತು ಜನ ಬೀದಿಗೆ ಬಿದ್ದರು. ಮೂರು ವರ್ಷದ ನಿಯಮವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಇದನ್ನೆಲ್ಲ ಕಂಡ ಉಳಿದ ಪ್ರಯೋಗಾಲಯಗಳವರು, ತಾವು ಕೈಬಿಟ್ಟ ಕೆಲಸಗಳ ಪುಸ್ತಕಗಳನ್ನು ಹುಡುಕಿ ಹುಡುಕಿ ಸುಟ್ಟರು.

ಗುರು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಬಾಡಿತ್ತು. “ತಿಳಿಯಿತು ಗುರುಗಳೇ. ಯಾವ ಪ್ರಯೋಗ ಸೋತರೂ ಅದನ್ನು ಎಲ್ಲರಿಗೂ ಹೇಳಲೇಬೇಕು ಎಂಬುದನ್ನೇ ಮೊದಲ ನಿಯಮವಾಗಿ ಬರೆಯುತ್ತೇನೆ” ಎಂದ.

ಗುರು ಹೇಳಿದರು: “ಹೇಳಿದವನ ಮನೆಯಲ್ಲಿ ಮರುದಿನ ಒಲೆ ಉರಿಯುವುದು ಹೇಗೆ, ಅದನ್ನು ಅದಕ್ಕೂ ಮೊದಲು ಬರೆ.”